ಪಿಕಪ್‌ಗೆ ಲೆವೆಲಿಂಗ್ ಕಿಟ್, ದೊಡ್ಡ ಟೈರ್: ಕರಾವಳಿಯ ಲೆಕ್ಕ

ಇಸುಜು ವಿ-ಕ್ರಾಸ್ ಆಗಲಿ, ಟೊಯೋಟಾ ಹೈಲಕ್ಸ್ ಆಗಲಿ, ಖಾಲಿ ನಿಂತಾಗ ಹಿಂಭಾಗ ಎತ್ತರ, ಮೂತಿ ತಗ್ಗು. ಬೇಕೆಂದೇ ಹಾಗೆ ಮಾಡಿದ್ದು. ಮಲ್ಪೆ ಬಂದರಿನಲ್ಲಿ ಮೀನಿನ ಕ್ರೇಟು, ಐಸು ಹೇರಿದಾಗ ಹಿಂದಿನ ಲೀಫ್ ಸ್ಪ್ರಿಂಗ್ ಕುಗ್ಗಿ ಗಾಡಿ ಸಮವಾಗಬೇಕು. ಮೂತಿ ಎತ್ತುವ ಲೆವೆಲಿಂಗ್ ಕಿಟ್ ಹಾಕಿ ಖಾಲಿ ಗಾಡಿಯನ್ನೇ ಸಮ ಮಾಡಿಟ್ಟರೆ ಲೋಡ್ ಬಿದ್ದ ಕೂಡಲೇ ಮೂತಿ ಮೇಲಕ್ಕೆದ್ದು, ಸ್ಟೀರಿಂಗ್ ಹಗುರವಾಗಿ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಕಿಟ್ ಹಾಕಿದ ಮೇಲೂ ಹಿಂಭಾಗ 15ರಿಂದ 20 ಮಿ.ಮೀ. ಎತ್ತರವೇ ಇರಲಿ. ಅಡಿಕೆ ಮೂಟೆ, ಮೀನು ಅಂತ ವಾರವಾರ ಹೇರುವವರು ಕಿಟ್‌ನ ಆಸೆಯನ್ನೇ ಬಿಟ್ಟರೂ ನಷ್ಟವಿಲ್ಲ.

ಅಳತೆಯನ್ನು ನೆಲದಿಂದ ತೆಗೆಯಬೇಡಿ, ಟೈರ್ ಸವೆತ ಮತ್ತು ಗಾಳಿ ಎರಡೂ ಲೆಕ್ಕ ಕೆಡಿಸುತ್ತವೆ. ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಖಾಲಿ ಇದ್ದಾಗ ಒಮ್ಮೆ, ನಿಮ್ಮ ಮಾಮೂಲಿ ಲೋಡ್ ಹಾಕಿ ಇನ್ನೊಮ್ಮೆ.

ಹೆಚ್ಚಿನವರು ಎಡವುವುದು ಸ್ಪೇಸರ್ (ಕಿಟ್‌ನಲ್ಲಿ ಬರುವ, ಎತ್ತರಿಸುವ ಬಿಲ್ಲೆ) ದಪ್ಪದಲ್ಲಿ. ಈ ಗಾಡಿಗಳಲ್ಲಿ ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಕಂಬ) ಚಕ್ರವನ್ನು ಹಿಡಿದ ಕೆಳಗಿನ ಆರ್ಮ್‌ನ ಹೆಚ್ಚುಕಡಿಮೆ ಮಧ್ಯದಲ್ಲಿ ಕೂತಿರುತ್ತದೆ. ಸ್ಟ್ರಟ್‌ನ ತಲೆಯ ಮೇಲೆ 15 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ 25–30 ಮಿ.ಮೀ. ಏರಿಕೆ ಸಿಗುತ್ತದೆ. 30 ಏರಬೇಕೆಂದು 30ರ ಸ್ಪೇಸರ್ ತಂದರೆ ಏರಿಕೆ 50 ದಾಟಿ, ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಸಿವಿ ಜಾಯಿಂಟ್‌ನ ಕೋನ ಕೆಡುತ್ತದೆ, ಮೇಲಿನ ಆರ್ಮ್ ಸ್ಪ್ರಿಂಗ್‌ಗೆ ತಾಗುವುದೂ ಉಂಟು. 40 ಮಿ.ಮೀ. ಮೀರಿ ಎತ್ತಬೇಕಿದ್ದರೆ ಬೇರೆ ಮೇಲಿನ ಆರ್ಮ್, ಉದ್ದದ ಶಾಕ್ ಎಲ್ಲ ಬೇಕು, ಅದು ಲೆವೆಲಿಂಗ್ ಕಿಟ್‌ನ ಕೆಲಸವಲ್ಲ. ಸ್ಪ್ರಿಂಗ್‌ನ ಒಳಗೆ ಕೂರುವ ಸ್ಪೇಸರ್‌ಗಳೂ ಇವೆ. ಅವು ಸ್ಪ್ರಿಂಗನ್ನು ಮೊದಲೇ ಒತ್ತಿಡುವುದರಿಂದ ಗಾಡಿ ಗಡುಸಾಗುತ್ತದೆ, ಹಂಪ್ ಇಳಿಯುವಾಗ ಶಾಕ್ ಪೂರ್ತಿ ಚಾಚಿ ಟಕ್ ಎನ್ನುತ್ತದೆ. ಹಾಕಲು ಸ್ಪ್ರಿಂಗ್ ಕಂಪ್ರೆಸರ್ ಬೇರೆ ಬೇಕು. ತಲೆಯ ಮೇಲೆ ಕೂರುವುದೇ ವಾಸಿ.

ಯಾವ ಲೋಹ ಎನ್ನುವುದು ಬೆಂಗಳೂರಿನವರಿಗೆ ದೊಡ್ಡ ವಿಷಯವಲ್ಲದಿರಬಹುದು, ಪಣಂಬೂರು, ಕಾಪು, ಮಲ್ಪೆಯ ಉಪ್ಪುಗಾಳಿಯಲ್ಲಿ ಹಾಗಲ್ಲ. ಅಲ್ಯೂಮಿನಿಯಂ ಸ್ಪೇಸರ್‌ಗೆ ಸ್ಟೀಲ್ ಸ್ಟಡ್ ತಾಗಿ, ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಸ್ಟಡ್ಡನ್ನು ಕಚ್ಚಿಕೊಳ್ಳುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಶಾಕ್ ಬದಲಿಸಲು ಹೋದರೆ ಗ್ರೈಂಡರೇ ಗತಿ. ಪೌಡರ್ ಕೋಟ್ ಆದ ಸ್ಟೀಲ್ ಅಥವಾ ಗಟ್ಟಿ ಪಾಲಿಯುರೆಥೇನ್ ತಗೊಳ್ಳಿ. ಅಲ್ಯೂಮಿನಿಯಮ್ಮೇ ಸಿಕ್ಕಿದ್ದಾದರೆ ಎರಡರ ಮಧ್ಯೆ ಆಂಟಿ-ಸೀಜ್ (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಧಾರಾಳವಾಗಿ ಬಳಿಯಿರಿ.

ಕೆಲಸದ ಹಿಂದಿನ ರಾತ್ರಿಯೇ ಎಲ್ಲ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸಮತಟ್ಟು ಕಾಂಕ್ರೀಟ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಅಡಿಗೆ ಕೈ ಹಾಕಬಾರದು. ಎರಡೂ ಬದಿಯ ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು) ಲಿಂಕ್ ಒಟ್ಟಿಗೇ ಬಿಚ್ಚಿ, ಒಂದೇ ಬಿಚ್ಚಿದರೆ ಬಾರ್ ತಿರುಚಿಕೊಂಡು ಮತ್ತೆ ರಂಧ್ರ ಕೂಡುವುದಿಲ್ಲ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್ ಮೊದಲು ಬಿಡಿಸಿ, ಆಮೇಲೆ ಮೇಲಿನ ಬಾಲ್ ಜಾಯಿಂಟ್. ಜಾಯಿಂಟ್ ಬಿಟ್ಟ ತಕ್ಷಣ ನಕಲ್ (ಚಕ್ರದ ಹಬ್ ಹೊತ್ತ ಭಾಗ) ಹೊರಗೆ ವಾಲುತ್ತದೆ. ಅದನ್ನು ಹಗ್ಗದಿಂದ ಕಟ್ಟಿಡದಿದ್ದರೆ ಭಾರವೆಲ್ಲ ಬ್ರೇಕ್ ಹೋಸಿಗೆ ಬೀಳುತ್ತದೆ, ಡ್ರೈವ್ ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳಬಹುದು. ನಂತರ ಸ್ಟ್ರಟ್‌ನ ಕೆಳಗಿನ ಬೋಲ್ಟ್, ಕೊನೆಗೆ ತಲೆಯ ನಟ್‌ಗಳು. ನಡುವೆ ಇರುವ ದೊಡ್ಡ ನಟ್‌ಗೆ ಕೈ ಹಚ್ಚಲೇಬೇಡಿ. ಒತ್ತಿ ಹಿಡಿದ ಸ್ಪ್ರಿಂಗ್ ಅದರ ಮೇಲೇ ನಿಂತಿದೆ.

ಸ್ಪೇಸರ್ ಕೂರಿಸಿ, ಕೊನೆಗೆ ಬಿಚ್ಚಿದ್ದು ಮೊದಲು ಎಂಬಂತೆ ಜೋಡಿಸುವುದು ಸುಲಭ, ಒಂದು ವಿಷಯ ಬಿಟ್ಟು. ಕೆಳಗಿನ ಸ್ಟ್ರಟ್ ಬೋಲ್ಟನ್ನೂ, ಸಡಿಲಿಸಿದ್ದರೆ ಆರ್ಮ್ ಬೋಲ್ಟ್‌ಗಳನ್ನೂ ಗಾಡಿ ಚಕ್ರದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಯಬೇಕು. ನೇತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟಾರ್ಕ್ ಅಂಕಿ ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನುವಲ್‌ನದೇ ಇರಲಿ. ಬಾಲ್ ಜಾಯಿಂಟ್‌ಗೆ ಹೊಸ ಕಾಟರ್ ಪಿನ್. ನೂರು ಕಿ.ಮೀ. ಓಡಿಸಿ ಎಲ್ಲ ನಟ್ ಮತ್ತೊಮ್ಮೆ ಪರೀಕ್ಷಿಸಿ.

ಇನ್ನು ಟೈರ್. ಕಿಟ್ ಮೂತಿಯನ್ನಷ್ಟೇ ಎತ್ತುತ್ತದೆ, ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಗುಂಡು) ಇದ್ದಲ್ಲೇ ಇರುತ್ತದೆ. ತೋಟದ ಮಣ್ಣುದಾರಿಯ ನಡುದಿಬ್ಬಕ್ಕೆ ಉಜ್ಜುವುದು ಅದೇ. ಅದನ್ನು ಮೇಲೆತ್ತುವುದು ಟೈರ್ ಮಾತ್ರ. 18 ಇಂಚಿನ ಚಕ್ರದ ವಿ-ಕ್ರಾಸ್‌ನ 255/60 ಟೈರಿನ (ಅಗಲ 255 ಮಿ.ಮೀ., ಪಕ್ಕದ ಎತ್ತರ ಅದರ 60 ಶೇಕಡಾ) ವ್ಯಾಸ ಸುಮಾರು 763 ಮಿ.ಮೀ. 265/60 ಹಾಕಿದರೆ 775, ಮುಟ್ಟುವ ಭಯ ಕಡಿಮೆ. 265/65 ಆದರೆ 802: ನೆಲದಿಂದ 19 ಮಿ.ಮೀ. ಹೆಚ್ಚು ಎತ್ತರ, ಜೊತೆಗೆ 5 ಶೇಕಡಾ ಉದ್ದ ಗೇರಿಂಗ್ (ಎಂಜಿನ್‌ನ ಒಂದೊಂದು ಸುತ್ತಿಗೆ ಅಷ್ಟು ಹೆಚ್ಚು ದೂರ, ಎಳೆತ ಕಡಿಮೆ). ಆಗುಂಬೆ ಘಾಟಿಯ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಏರುತ್ತಿದ್ದದ್ದು ಒಂದಕ್ಕೆ ಇಳಿಯಬಹುದು. ಮೀಟರ್ 80 ತೋರಿಸುವಾಗ ಮೊದಲಿದ್ದ ವೇಗಕ್ಕಿಂತ 5 ಶೇಕಡಾ ಜಾಸ್ತಿ ಓಡುತ್ತಿರುತ್ತೀರಿ.

ತಾಗುವ ಜಾಗ ಮೊದಲು ಮಡ್ ಫ್ಲ್ಯಾಪ್, ಮತ್ತೆ ಫೆಂಡರ್ ಲೈನರ್‌ನ ಹಿಂದಿನ ಮೂಲೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ರಿವರ್ಸ್ ಹೋದಾಗ ಗೊತ್ತಾಗುತ್ತದೆ. ಹೀಟ್ ಗನ್‌ನಿಂದ ಲೈನರ್ ಬಿಸಿ ಮಾಡಿ ಒಳಕ್ಕೆ ಒತ್ತಿದರೆ ಸಾಕಾಗುವುದೇ ಹೆಚ್ಚು. ಕಡಿಮೆ ಆಫ್‌ಸೆಟ್‌ನ ಅಲಾಯ್ ಹಾಕಿ ಚಕ್ರ ಹೊರಗೆ ತಂದರೆ ಒಳಗೆ ತಾಗುವುದು ನಿಂತು ಹೊರಗೆ ತಾಗಲು ಶುರುವಾಗುತ್ತದೆ, ಬೇರಿಂಗ್‌ಗೂ ಹೆಚ್ಚು ಹೊರೆ. ಮಡ್ ಟೆರೇನ್ ಟೈರ್ ನೋಡಲು ಚೆಂದ, ಆದರೆ ಜುಲೈ ಮಳೆಯಲ್ಲಿ ಹೆದ್ದಾರಿ 66ರ ಒದ್ದೆ ಟಾರಿನ ಮೇಲೆ ಅದರ ಬ್ರೇಕಿಂಗ್ ನಂಬುವಂಥದ್ದಲ್ಲ. ಆಲ್ ಟೆರೇನ್ ಸಾಕು. ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆ ಇರಬಾರದು: 112 ಎಂದರೆ ಒಂದು ಟೈರಿಗೆ 1,120 ಕೆಜಿ, 116 ಎಂದರೆ 1,250.

ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಮೂತಿ ಎತ್ತಿದಾಗ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷದ ಹಿಂಬಾಗು) ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಲು ಸೋಮಾರಿಯಾಗುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಓರೆ) ಬದಲಾಗಿ ಟೈರ್ ಅಂಚು ಸವೆಯುತ್ತದೆ. ಹೆಡ್‌ಲೈಟನ್ನೂ ಇಳಿಸಬೇಕು. ಸುಮಾರು 3.1 ಮೀ. ವೀಲ್‌ಬೇಸ್‌ನಲ್ಲಿ ಮೂತಿ 30 ಮಿ.ಮೀ. ಎದ್ದರೆ 25 ಮೀ. ದೂರದಲ್ಲಿ ಬೆಳಕು ಸುಮಾರು 24 ಸೆಂ.ಮೀ. ಮೇಲೇರುತ್ತದೆ. ಗೋಡೆಯಿಂದ 10 ಮೀ. ದೂರ ನಿಲ್ಲಿಸಿ, ಲೋ ಬೀಮ್‌ನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ.

ಕಾನೂನು ಬಿಗಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಕಂಪನಿ ನಿಗದಿಪಡಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕಂಪನಿ ಅನುಮೋದಿಸಿದ ಅಳತೆಯೊಳಗೆ ಇದ್ದರೆ ವಿಮೆ ಕ್ಲೇಮಿನ ಹೊತ್ತಿಗೆ ತಕರಾರು ಕಡಿಮೆ. ಕಿಟ್ ಕೊಳ್ಳುವ ಮೊದಲೇ ವಿಮಾ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಸ್ಟೆಪ್ನಿ ಮರೆಯುವವರೇ ಹೆಚ್ಚು. ನಾಲ್ಕು ಚಕ್ರಕ್ಕೆ 802, ಸ್ಟೆಪ್ನಿ 763 ಇದ್ದು ಪಂಕ್ಚರ್ ಆದಾಗ ಅದನ್ನೇ ಹಾಕಿ 4x4 ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮೇಲೆ ಒತ್ತಡ ಬೀಳುತ್ತದೆ. ಐದು ಟೈರ್ ಕೊಳ್ಳಿ, ಹೊಸದು ಸರಕು ಹೇರುವ ಹಾಸಿನ ಅಡಿಯಲ್ಲಿ ಹಿಡಿಸುತ್ತದೆಯೇ ಎಂದು ಅಂಗಡಿಯಲ್ಲೇ ಏರಿಸಿ ನೋಡಿ.