ಓಟಿಟಿ ಕಾನೂನಿಗೂ ವೋಟು ಹಾಕಿದ ಸ್ವಿಟ್ಜರ್ಲೆಂಡ್

ಸ್ವಿಟ್ಜರ್ಲೆಂಡ್ ಅಂದರೆ ನಮ್ಮವರಿಗೆ ಹಿಮ, ಹಾಡಿನ ಶೂಟಿಂಗ್. ಇಲ್ಲಿ ಬದುಕುವ ನನಗೆ ತುಂಬಾ ಇಷ್ಟವಾದದ್ದು ಒಂದು ಕಾನೂನು. ಜನ ಅದನ್ನು ‘ಲೆಕ್ಸ್ ನೆಟ್‌ಫ್ಲಿಕ್ಸ್’, ಅಂದರೆ ನೆಟ್‌ಫ್ಲಿಕ್ಸ್ ಕಾನೂನು ಅಂತ ಕರೆಯುತ್ತಾರೆ.

ನೆಟ್‌ಫ್ಲಿಕ್ಸ್‌ನಂಥ ಕಂಪನಿಗಳು ಈ ದೇಶದಲ್ಲಿ ಗಳಿಸುವ ಆದಾಯದ ಶೇ. 4ರಷ್ಟನ್ನು ಇಲ್ಲಿನ ಸಿನಿಮಾ, ಸರಣಿಗಳಿಗೆ ಹಾಕಬೇಕು. ಯಾವುದಕ್ಕೆ ಹಾಕಬೇಕೆಂದು ಕಂಪನಿಯೇ ಆರಿಸಬಹುದು. ಹೊಸದನ್ನು ಮಾಡಿಸಬಹುದು, ತಯಾರಾದ ಚಿತ್ರದ ಹಕ್ಕನ್ನೂ ಕೊಳ್ಳಬಹುದು. 4 ವರ್ಷದ ಲೆಕ್ಕದಲ್ಲಿ ಕಡಿಮೆ ಬಿದ್ದರೆ ಮಾತ್ರ ಬಾಕಿಯನ್ನು ಸರ್ಕಾರಕ್ಕೆ ಕಟ್ಟಬೇಕು. ಜೊತೆಗೆ, ತೋರಿಸುವುದರಲ್ಲಿ ಶೇ. 30ರಷ್ಟು ಯುರೋಪಿನದ್ದಿರಬೇಕು.

ಸಂಸತ್ತು ಒಪ್ಪಿದರೂ ಮಾತು ಅಲ್ಲಿಗೇ ನಿಲ್ಲಲಿಲ್ಲ. ಇಲ್ಲಿ 100 ದಿನದೊಳಗೆ 50,000 ಸಹಿ ಸಿಕ್ಕರೆ ಯಾವ ಕಾನೂನನ್ನೂ ಜನರ ಮುಂದೆ ತರಬಹುದು. ಕೆಲವು ಪಕ್ಷಗಳ ಯುವ ಘಟಕಗಳು ಹಾಗೇ ಮಾಡಿದವು. ಚಂದಾ ಜಾಸ್ತಿಯಾಗುತ್ತೆ, ಹೊರೆ ನೋಡುಗರ ಮೇಲೆ ಬೀಳುತ್ತೆ ಅನ್ನೋದು ಅವರ ವಾದ. ಸುಮ್ನೆ ತಳ್ಳಿಹಾಕುವ ವಾದವೇನಲ್ಲ. ಆದರೆ ಇಲ್ಲಿನ ಖಾಸಗಿ ಟಿವಿ ಚಾನೆಲ್‌ಗಳಿಗೆ ಇದೇ ಶೇ. 4ರ ನಿಯಮ ಮೊದಲೇ ಇತ್ತು. ಊರಿನವರಿಗೊಂದು, ಹೊರಗಿನವರಿಗೊಂದು ನ್ಯಾಯ ಯಾಕೆ? 2022ರ ಮೇ 15ರಂದು ಶೇ. 58ರಷ್ಟು ಮಂದಿ ‘ಹೌದು’ ಅಂದರು. ಫ್ರೆಂಚ್ ಮಾತಾಡುವ ಕಡೆ ಬೆಂಬಲ ಇನ್ನೂ ಜೋರಾಗಿತ್ತು. 2024ರ ಜನವರಿ 1ರಿಂದ ಕಾನೂನು ಜಾರಿಯಲ್ಲಿದೆ.

ಸುಮಾರು 90 ಲಕ್ಷ ಜನ, 4 ರಾಷ್ಟ್ರಭಾಷೆ. ಇಷ್ಟು ಚಿಕ್ಕ ಮಾರುಕಟ್ಟೆ ಕೇಳಿ ಪಡೆಯಿತು! 2011ರ ಜನಗಣತಿಯ ಪ್ರಕಾರ ಕನ್ನಡ ಮನೆಮಾತಾದವರೇ 4 ಕೋಟಿಗೂ ಜಾಸ್ತಿ. ಆದರೂ 2024ರಲ್ಲಿ ‘ಏಕಂ’ ಸರಣಿಯನ್ನು ಕೊಳ್ಳುವ ಓಟಿಟಿ ಸಿಗದೆ, ರಕ್ಷಿತ್ ಶೆಟ್ಟಿ ತಂಡ ಅದಕ್ಕೆಂದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು. ನನಗೆ ಇದು ನಿಜಕ್ಕೂ ನೋವು ತಂದ ಸಂಗತಿ.

ಭಾರತದಲ್ಲಿ ಓಟಿಟಿಗೆ ನಿಯಮವೇ ಇಲ್ಲ ಅಂತಲ್ಲ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳಿವೆ. ಅವು ನೋಡುವವರ ವಯಸ್ಸಿನ ಗುರುತು, ದೂರು ಕೊಡುವ ವ್ಯವಸ್ಥೆ, ಇಂಥದ್ದನ್ನು ಹೇಳುತ್ತವೆ. ನಮ್ಮ ಭಾಷೆಗಳಲ್ಲಿ ಇಂತಿಷ್ಟು ಹಣ ಹಾಕಿ ಅಂತ ಹೇಳುವುದಿಲ್ಲ. ಕರ್ನಾಟಕ 2024ರಲ್ಲಿ ಸಿನಿಮಾ ಟಿಕೆಟ್ಟು, ಚಂದಾಗಳ ಮೇಲೆ ಶೇ. 1ರಿಂದ 2ರವರೆಗೆ ಸೆಸ್ ಹಾಕುವ ಕಾನೂನು ತಂದಿತು. ಆ ಹಣ ಕಲಾವಿದರ, ಕಾರ್ಮಿಕರ ಕ್ಷೇಮಕ್ಕೆ. ಅದು ಬೇಕೇ ಬೇಕು. ಆದರೆ ಅದರಿಂದ ಹೊಸ ಕನ್ನಡ ಸರಣಿಯೊಂದು ಹುಟ್ಟುವುದಿಲ್ಲ, ಅಲ್ವಾ?

ಓಟಿಟಿ ನಿಯಮ ಕೇಂದ್ರದ ಕೈಯಲ್ಲಿದೆ. ಹಾಗಾಗಿ ಕೇಳಬೇಕಾದದ್ದು ನಮ್ಮ ಸಂಸದರನ್ನು: ಕರ್ನಾಟಕದ ಚಂದಾದಾರರು ಕಟ್ಟುವ ಹಣದಲ್ಲಿ ಎಷ್ಟು ಪಾಲು ಕನ್ನಡದ ಕಥೆಗಳಿಗೆ ಬರಬೇಕು?