ರೇಡಾನ್: ಬಿರುಕು ಮುಚ್ಚಿದರೆ ಮುಗಿಯಿತೇ?

ರೇಡಾನ್ ಎಂದರೆ ಮಣ್ಣಿನಿಂದ ಮನೆಯೊಳಗೆ ಬರುವ, ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ವಿಕಿರಣಶೀಲ ಅನಿಲ. ಮನೆಯಲ್ಲಿ ಅದು ಹೆಚ್ಚಿದೆ ಎಂದು ಗೊತ್ತಾದ ಕೂಡಲೇ ಎಲ್ಲರ ಕೈಯೂ ಹೋಗುವುದು ನೆಲದ ಬಿರುಕಿಗೆ. ಬಿರುಕು ಮುಚ್ಚುವುದು ಒಳ್ಳೆಯದೇ, ಆದರೆ ಅದೊಂದರಿಂದಲೇ ಅಳತೆ ಇಳಿಯುವುದು ಅಪರೂಪ. ಬೆಚ್ಚಗಿನ ಗಾಳಿ ಮೇಲೇರಿ ಹೊರಹೋದಾಗ ಮನೆಯ ತಳಭಾಗದಲ್ಲಿ ಒತ್ತಡ ಕೆಲವೇ ಪ್ಯಾಸ್ಕಲ್‌ನಷ್ಟು ತಗ್ಗುತ್ತದೆ. ಮಣ್ಣೊಳಗಿನ ಅನಿಲವನ್ನು ಎಳೆದುಕೊಳ್ಳಲು ಅಷ್ಟು ಸಾಕು. ಒಂದು ಬಿರುಕು ಮುಚ್ಚಿದರೆ ಗೋಡೆ-ನೆಲ ಕೂಡುವ ಸಂದಿ, ಪೈಪಿನ ಸುತ್ತಲಿನ ತೆರಪು, ಟೊಳ್ಳು ಬ್ಲಾಕಿನ ಗೋಡೆ ಇದ್ದೇ ಇವೆ.

ಈ ಅನಿಲ ಬರುವುದು ಕಲ್ಲು-ಮಣ್ಣಿನಲ್ಲಿರುವ ಯುರೇನಿಯಂ ಹಂತ ಹಂತವಾಗಿ ಬೇರೆ ಧಾತುಗಳಾಗಿ ಒಡೆಯುವ ಸರಣಿಯಿಂದ, ಅದರಲ್ಲಿ ರೇಡಿಯಂ ಒಡೆದಾಗ. ರೇಡಾನ್-222ರ ಅರ್ಧಾಯುಷ್ಯ (ಅರ್ಧದಷ್ಟು ಒಡೆದುಹೋಗಲು ಹಿಡಿಯುವ ಕಾಲ) 3.8 ದಿನ, ಮೇಲೆ ಬಂದು ಕೋಣೆ ಸೇರಲು ಬೇಕಾದಷ್ಟು ಕಾಲ. ಶ್ವಾಸಕೋಶಕ್ಕೆ ಪೆಟ್ಟು ಕೊಡುವುದು ಮುಖ್ಯವಾಗಿ ಅದರಿಂದ ಹುಟ್ಟುವ ಪೊಲೋನಿಯಂ-218 ಮತ್ತು 214 ಎಂಬ ವಿಕಿರಣಶೀಲ ಧಾತುಗಳು. ಧೂಮಪಾನ ಮಾಡುವವರಿಗೆ ಅಪಾಯ ಹಲವು ಪಟ್ಟು.

ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಿ ಅಳೆಯದೆ ಗತಿಯಿಲ್ಲ. ಪಕ್ಕದ ಮನೆಯ ಅಳತೆ ನಿಮ್ಮದಕ್ಕೆ ಲೆಕ್ಕವಲ್ಲ. ರೇಡಾನ್ ಹೀರಿಕೊಳ್ಳುವ ಇದ್ದಿಲಿನ ಡಬ್ಬಿ ಕೆಲವು ದಿನಗಳ ಚಿತ್ರ ಕೊಡುತ್ತದೆ. ಇಡುವ 12 ಗಂಟೆ ಮೊದಲಿನಿಂದ ಪರೀಕ್ಷೆ ಮುಗಿಯುವವರೆಗೆ ಕಿಟಕಿಗಳು ಮುಚ್ಚಿರಬೇಕು. ಹವಾಮಾನಕ್ಕೆ ತಕ್ಕಂತೆ ಮಟ್ಟ ಏರಿಳಿಯುವುದರಿಂದ 90 ದಿನ ಮೀರಿ ಇಡುವ ಆಲ್ಫಾ ಟ್ರ್ಯಾಕ್ ಡಿಟೆಕ್ಟರಿನ (ರೇಡಾನ್ ಹೊಮ್ಮಿಸುವ ಆಲ್ಫಾ ಕಣಗಳ ಗುರುತು ಮೂಡಿಸಿಕೊಳ್ಳುವ ಸಾಧನ) ಮೇಲೇ ನನಗೆ ಹೆಚ್ಚು ನಂಬಿಕೆ. ಜನ ವಾಸಿಸುವ ಅತ್ಯಂತ ಕೆಳಗಿನ ಅಂತಸ್ತಿನಲ್ಲಿ, ನೆಲದಿಂದ ಕನಿಷ್ಠ 50 ಸೆಂ.ಮೀ. ಎತ್ತರದಲ್ಲಿಡಿ. ಅಡುಗೆಮನೆ, ಬಚ್ಚಲು, ಕಿಟಕಿಯ ಪಕ್ಕ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಗುರಿ ಘನ ಮೀಟರಿಗೆ 100 ಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆಮಾನ). ಅದು ಸಾಧ್ಯವಾಗದ ಕಡೆಯೂ 300 ದಾಟಬಾರದು.

ನಿಜವಾದ ಪರಿಹಾರ ಮಣ್ಣಿನ ಅನಿಲವನ್ನು ಮನೆಯೊಳಗೆ ಎಳೆಯುವ ಆ ಸೆಳೆತವನ್ನೇ ತಿರುಗಿಸುವುದು. ಕಾಂಕ್ರೀಟ್ ನೆಲಕ್ಕೆ ರಂಧ್ರ ಕೊರೆದು, ಕೆಳಗಿನ ಜಲ್ಲಿ-ಮಣ್ಣನ್ನು 20ರಿಂದ 40 ಲೀಟರಿನಷ್ಟು ತೆಗೆದು ಗುಂಡಿ ಮಾಡಬೇಕು. ಅದಕ್ಕೆ 3 ಅಥವಾ 4 ಇಂಚಿನ ಪಿವಿಸಿ ಪೈಪ್ ಇಳಿಸಿ, ಸುತ್ತಲೂ ಪಾಲಿಯುರೆಥೇನ್ ಸೀಲಂಟ್ ತುಂಬಿ, ಪೈಪನ್ನು ಛಾವಣಿಯ ಮೇಲಕ್ಕೆ ಒಯ್ಯಬೇಕು. ಗುಂಡಿಯ ಗಾಳಿಯನ್ನು ಪೈಪಿನ ಮೂಲಕ ಮೇಲಕ್ಕೆಳೆಯುವ ಫ್ಯಾನ್ ಅಟ್ಟದಲ್ಲೋ ಹೊರಗೋ ಇರಲಿ, ವಾಸದ ಜಾಗದಲ್ಲಿ ಬೇಡ: ಫ್ಯಾನ್ ದಾಟಿದ ಮೇಲಿನ ಪೈಪಿನಲ್ಲಿ ಒತ್ತಡ ಹೆಚ್ಚು, ಸೋರಿದರೆ ಮನೆಯೊಳಗೇ ಸೋರುತ್ತದೆ. ಅಡ್ಡಪೈಪುಗಳು ಗುಂಡಿಯ ಕಡೆಗೆ ಇಳಿಜಾರಾಗಿರಲಿ. ಇಲ್ಲದಿದ್ದರೆ ತೇವ ನೀರಾಗಿ ನಿಂತು ಗಾಳಿಯ ದಾರಿಯನ್ನೇ ಕಟ್ಟುತ್ತದೆ.

ಗುಂಡಿ ತೋಡುವ ಮೊದಲು ಒಂದು ಪರೀಕ್ಷೆ: ಒಂದು ರಂಧ್ರಕ್ಕೆ ವ್ಯಾಕ್ಯೂಮ್ ಹಚ್ಚಿ, ದೂರದ ಸಣ್ಣ ರಂಧ್ರದ ಬಳಿ ಹೊಗೆ ಹಿಡಿಯಿರಿ. ಹೊಗೆ ಒಳಕ್ಕೆ ಸೆಳೆದುಹೋದರೆ ಒಂದೇ ಗುಂಡಿ ಸಾಕಾಗಬಹುದು. ಅಲುಗದಿದ್ದರೆ ಅಡಿಯಲ್ಲಿ ಬಿಗಿಯಾದ ಜೇಡಿಯೋ ಅಡಿಪಾಯದ ಗೋಡೆಯೋ ಅಡ್ಡವಿದೆ, ಇನ್ನೊಂದು ಗುಂಡಿ ಬೇಕು. ಬಿರುಕು ಮುಚ್ಚುವ ಕೆಲಸಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿಯೇ. ಮುಚ್ಚದಿದ್ದರೆ ಫ್ಯಾನ್ ಮಣ್ಣಿನ ಬದಲು ಮನೆಯ ಗಾಳಿಯನ್ನು ಹೀರುತ್ತದೆ. ಆಗ ಒಳಗಿನ ಒತ್ತಡ ಇನ್ನಷ್ಟು ತಗ್ಗಿ, ಗ್ಯಾಸ್ ಹೀಟರಿನ ಹೊಗೆ ಚಿಮಣಿಯಿಂದ ಹಿಂದಕ್ಕೆ ಬರುವ ಅಪಾಯವೂ ಉಂಟು.

ಪೈಪಿಗೆ ಕೂಡಿಸುವ ಯು-ಟ್ಯೂಬ್ ಮ್ಯಾನೋಮೀಟರಿನ (ಒತ್ತಡದ ವ್ಯತ್ಯಾಸ ತೋರಿಸುವ, ದ್ರವ ತುಂಬಿದ ಬಾಗಿದ ಕೊಳವೆ) ಎರಡು ಬದಿಯ ದ್ರವ ಸಮನಾದರೆ ಫ್ಯಾನ್ ನಿಂತಿದೆ ಎಂದರ್ಥ. ಅದು ತೋರಿಸುವುದು ಸೆಳೆತವನ್ನು ಮಾತ್ರ, ರೇಡಾನನ್ನಲ್ಲ. ಆದ್ದರಿಂದ ಫ್ಯಾನ್ ಚಾಲೂ ಆಗಿ 24 ಗಂಟೆ ಕಳೆದ ಮೇಲೆ, 30 ದಿನದೊಳಗೆ ಮತ್ತೆ ಅಳೆಯಿರಿ. ಆಮೇಲೆ ಎರಡು ವರ್ಷಕ್ಕೊಮ್ಮೆ.