ಟೊರಾಂಟೊದಲ್ಲಿ ಯುಗಾದಿಗೆ ಉಸ್ಮಾನಿಯಾ ಬಿಸ್ಕತ್ತು

ಹಬ್ಬಕ್ಕೆ ಬಿಸ್ಕತ್ತು ಮಾಡ್ತೀನಿ ಅಂದಾಗ ನಮ್ಮವ್ವ ಫೋನಲ್ಲಿ ಒಂದು ನಿಮಿಷ ಸುಮ್ಮನಾದರು. ಆಮೇಲೆ, "ಯುಗಾದಿಗೆ ಬಿಸ್ಕೀಟ್ ಯಾರು ಮಾಡ್ತಾರವ್ವ, ಹೋಳಿಗೆ ಮಾಡಾಕ ಏನಾಗ್ಯದ?" ಅಂತ ಕೇಳಿದರು. ಏನೂ ಆಗಿಲ್ಲ. ಹೋಳಿಗೆ ಚೆನ್ನಾಗಿಯೇ ಬರುತ್ತೆ. ಆದರೆ ಇಲ್ಲಿ ಯುಗಾದಿಗೆ ರಜೆ ಇಲ್ಲ. ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಹೆಂಚು ಕಾದು ತುಪ್ಪದ ಹೊಗೆ ಎದ್ದರೆ ಸಾಕು, ಸ್ಮೋಕ್ ಅಲಾರಂ ಕಿರುಚೋಕೆ ಶುರು. ಒಬ್ಬರು ಹೋಳಿಗೆ ಬೇಯಿಸಬೇಕು, ಇನ್ನೊಬ್ಬರು ಅದರ ಕೆಳಗೆ ನಿಂತು ಟವೆಲ್ ಬೀಸಬೇಕು. ಇಷ್ಟೆಲ್ಲ ಮಾಡಿ ಆಫೀಸಿಗೆ ಒಯ್ದರೆ ತಣ್ಣಗಿನ ಹೋಳಿಗೆಯನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದನ್ನ ಹೇಗೆ ತಿನ್ನೋದು ಅಂತ ನೋಡ್ತಾರೆ. ತುಪ್ಪ ಹಾಕಿ ಬಿಸಿ ಬಿಸಿ ಕೊಟ್ಟರಷ್ಟೇ ಹೋಳಿಗೆ, ಅಲ್ವಾ?

ಬಿಸ್ಕತ್ತಿಗೆ ಈ ಕಷ್ಟ ಇಲ್ಲ. ಡಬ್ಬಿಗೆ ಹಾಕಿದರೆ ಬಸ್ಸಲ್ಲೂ ಬರುತ್ತೆ, ಪಕ್ಕದ ಮನೆಗೂ ಹೋಗುತ್ತೆ, ವಾರವಾದರೂ ಕೆಡಲ್ಲ. ಅದಕ್ಕೇ ಇಲ್ಲಿ ನಮ್ಮ ಮನೆಯ ಯುಗಾದಿ ತಿಂಡಿ ಬಿಸ್ಕತ್ತೇ ಅಂತ ತೀರ್ಮಾನ ಮಾಡಿಬಿಟ್ಟಿದ್ದೇನೆ. ಹೋಳಿಗೆ ಆ ವಾರದ ಭಾನುವಾರಕ್ಕೆ.

ಹಾಗೆ ನೋಡಿದರೆ ರಾಯಚೂರಿನವರಿಗೆ ಬಿಸ್ಕತ್ತು ಮಾಡಿಸೋದು ಹೊಸದೇನಲ್ಲ. ಬೇಸಿಗೆ ರಜೆಗೋ, ರಂಜಾನ್ ಹತ್ತಿರ ಬಂದಾಗಲೋ ಮೈದಾ, ಸಕ್ಕರೆ, ಡಾಲ್ಡಾ ಚೀಲಕ್ಕೆ ಹಾಕಿಕೊಂಡು ಬೇಕರಿಗೆ ಹೋಗ್ತಿದ್ದೆವು. ಭಟ್ಟಿ ಪಕ್ಕ ಸರದಿ ಕಾಯ್ತಾ ನಿಂತು, ನಮ್ಮ ಹಿಟ್ಟು ಪಕ್ಕದವರ ಹಿಟ್ಟಿಗೆ ಸೇರದ ಹಾಗೆ ಕಣ್ಣಿಟ್ಟು, ಕೊನೆಗೆ ದೊಡ್ಡ ತಗಡಿನ ಡಬ್ಬಿ ತುಂಬಿಸಿಕೊಂಡು ಬರೋದು. ಸಿಹಿದು ಒಂದು ಡಬ್ಬಿ, ಖಾರದ್ದು ಒಂದು ಡಬ್ಬಿ. ಖಾರದ ಡಬ್ಬಿ ಮೊದಲು ಖಾಲಿ.

ಇವೆರಡರ ನಡುವೆ ಇರೋದು ಉಸ್ಮಾನಿಯಾ. ಬಾಯಿಗಿಟ್ಟಾಗ ಸಿಹಿ, ಆಮೇಲೆ ಉಪ್ಪು, ಕೊನೆಗೆ ಏಲಕ್ಕಿ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೆಸರಿನ ಬಿಸ್ಕತ್ತು ಅದು. ಅದು ಹುಟ್ಟಿದ ಕತೆಯನ್ನ ಹೈದರಾಬಾದಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ರಾಯಚೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರೋವರೆಗೂ ಹೈದರಾಬಾದಿನ ಜೊತೆಗೇ ಇತ್ತಲ್ಲ, ಬಿರಿಯಾನಿ ಬಂದ ದಾರಿಯಲ್ಲೇ ಈ ಬಿಸ್ಕತ್ತೂ ಬಂದಿರಬೇಕು. ಚಹಾದ ಅಂಗಡಿಯ ಗಾಜಿನ ಬರಣಿಯಿಂದ ಎರಡು ಉಸ್ಮಾನಿಯಾ, ಒಂದು ಚಹಾ. ಬೇರೆ ತಿಂಡಿ ಬೇಕೇ ಆಗ್ತಿರಲಿಲ್ಲ.

ಟೊರಾಂಟೊದಲ್ಲಿ ನಮ್ಮ ಪಕ್ಕದ ಮನೆಯವರು ಇರಾನಿನವರು. ವಯಸ್ಸಾದ ತಾಯಿ, ಮಗಳು, ಮೊಮ್ಮಗ. ಈ ಊರಿನ ಉತ್ತರಕ್ಕೆ ಯಂಗ್ ಸ್ಟ್ರೀಟ್ ಹಿಡಿದು ಹೋದರೆ ಸಾಲು ಸಾಲು ಇರಾನಿ ಅಂಗಡಿಗಳು. ರೊಟ್ಟಿ, ಪಿಸ್ತಾ, ಕೇಸರಿ, ಒಣಹಣ್ಣು ಎಲ್ಲ ಸಿಗುತ್ತೆ. ಮಾರ್ಚ್ ಬಂತೆಂದರೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅವರ ಹೊಸ ವರ್ಷ ನೌರೂಜ್ ಅಷ್ಟು ಜೋರು. 2023ರಲ್ಲಿ ನೌರೂಜ್ ಮಾರ್ಚ್ 20ಕ್ಕೆ, ಯುಗಾದಿ 22ಕ್ಕೆ, ಅದರ ಬೆನ್ನಿಗೇ ರಂಜಾನ್ ತಿಂಗಳು ಶುರು. ನಮ್ಮ ಮಹಡಿಯ ಓವನ್‌ಗಳಿಗೆ ಆ ವಾರ ಬಿಡುವೇ ಇರಲಿಲ್ಲ. ಎಲ್ಲ ವರ್ಷವೂ ಇಷ್ಟು ಹತ್ತಿರ ಬರಲ್ಲ. ಅವರದು ಸೂರ್ಯನ ಲೆಕ್ಕ, ನಮ್ಮದು ಚಾಂದ್ರಮಾನ. ಅಧಿಕ ಮಾಸ ಬಂದರೆ ನಾವು ಹಿಂದೆ ಬೀಳ್ತೀವಿ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಹೋಯ್ತು.

ಅವರ ಹಬ್ಬದಲ್ಲಿ ನನಗೆ ತುಂಬಾ ಇಷ್ಟವಾದದ್ದು ಸಮಯದ ಕಟ್ಟುನಿಟ್ಟು. ಹೊಸ ವರ್ಷ ಮಧ್ಯರಾತ್ರಿಗೆ ಹುಟ್ಟಲ್ಲ, ಬೆಳಗ್ಗೆ ಸೂರ್ಯ ಹುಟ್ಟಿದಾಗಲೂ ಅಲ್ಲ. ಹಗಲು ರಾತ್ರಿ ಸಮವಾಗೋ ವಿಷುವತ್ತಿನ ಆ ಗಳಿಗೆಗೆ ಸರಿಯಾಗಿ ಹುಟ್ಟುತ್ತೆ. 2023ರಲ್ಲಿ ಅದು ಟೊರಾಂಟೊ ಗಡಿಯಾರದಲ್ಲಿ ಸಂಜೆ 5 ಗಂಟೆ 24 ನಿಮಿಷ. ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಹಫ್ತ್ ಸೀನ್ ಮೇಜಿನ ಸುತ್ತ ಕೂತು ಗಡಿಯಾರ ನೋಡ್ತಾ ಇರ್ತಾರೆ. ಮೇಜಿನ ಮೇಲೆ ಏಳು ಪದಾರ್ಥ. ಸೇಬು, ಬೆಳ್ಳುಳ್ಳಿ, ವಿನೆಗರ್, ಹುಳಿ ಹುಳಿಯಾದ ಸುಮಾಕ್ ಪುಡಿ, ಗೋಧಿ ಮೊಳಕೆಯಿಂದ ಮಾಡಿದ ಹಲ್ವದಂಥ ಸಮನು, ಸೆಂಜೆದ್ ಅನ್ನೋ ಒಣಹಣ್ಣು, ಮತ್ತೆ ತಟ್ಟೆಯಲ್ಲಿ ಬೆಳೆಸಿದ ಹಸಿರು ಗೋಧಿ ಹುಲ್ಲು. ಹುಲ್ಲಿನ ತಟ್ಟೆ ನೋಡಿದರೆ ನವರಾತ್ರಿಗೆ ನಮ್ಮ ಮನೆಗಳಲ್ಲಿ ಹಾಕೋ ಘಟವೇ.

ಮೇಜಿನ ಇನ್ನೊಂದು ಬದಿಗೆ ಬಿಸ್ಕತ್ತುಗಳು. ನಾನ್ ಬೆರೆಂಜಿ ಅಂತ ಒಂದು, ಅಕ್ಕಿ ಹಿಟ್ಟಿಂದು, ಮೇಲೆ ಗಸಗಸೆ. ಇನ್ನೊಂದು ನಾನ್ ನೊಖೊದ್ಚಿ. ಉಗುರಿಗಿಂತ ಸ್ವಲ್ಪ ದೊಡ್ಡದು, ನಾಲ್ಕು ಎಸಳಿನ ಹೂವಿನ ಆಕಾರ, ನಡುವೆ ಒಂದು ಪಿಸ್ತಾ ಚೂರು. ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಕೆಲಸವೇ ಇಲ್ಲ, ನಾಲಿಗೆ ಮೇಲೆ ಪುಡಿಯಾಗಿ ಕರಗಿತು. ಆ ರುಚಿ ನನಗೆ ಚೆನ್ನಾಗಿ ಗೊತ್ತು. ಪುಟಾಣಿ, ಅಂದರೆ ಹುರಿಗಡಲೆ! ನಮ್ಮ ಕಡೆ ಯುಗಾದಿ ಬೇವು ಅಂದರೆ ಕುಡಿಯೋದು. ಹುಣಸೆ ನೀರು, ಬೆಲ್ಲ, ಮಾವಿನಕಾಯಿ ತುರಿ, ಬೇವಿನ ಹೂವು, ಜೊತೆಗೆ ಪುಟಾಣಿ ಹಿಟ್ಟು, ಗೋಡಂಬಿ, ದ್ರಾಕ್ಷಿ. ಅದೇ ಪುಟಾಣಿ ಹಿಟ್ಟಿಗೆ ಇವರು ಸಕ್ಕರೆ ಪುಡಿ, ತುಪ್ಪ, ಏಲಕ್ಕಿ ಹಾಕಿ ಬೇಯಿಸ್ತಾರೆ. ಹುರಿದ ಕಡಲೆಗೆ ಹೊಸ ವರ್ಷದ ಹಬ್ಬದಲ್ಲಿ ಜಾಗ ಕೊಟ್ಟವರು ನಾವಷ್ಟೇ ಅಲ್ಲ.

ನಾನು ಕೊಟ್ಟ ಡಬ್ಬಿಯಲ್ಲಿ ಉಸ್ಮಾನಿಯಾ ಇತ್ತು. ಆ ಅಜ್ಜಿ ಒಂದು ತಗೊಂಡು ಅರ್ಧ ಕಚ್ಚಿದರು. ಹುಬ್ಬು ಮೇಲೇರಿತು. "ಇದರಲ್ಲಿ ಉಪ್ಪು ಇದೆಯಲ್ಲಮ್ಮ" ಅಂದರು, ಉಪ್ಪು ಜಾಸ್ತಿಯಾಗಿದೆ ಅಂತ ಸಾರಿಗೆ ಹೇಳ್ತೀವಲ್ಲ, ಆ ದನಿಯಲ್ಲಿ. ಅವರ ಹಬ್ಬದ ಬಿಸ್ಕತ್ತುಗಳೆಲ್ಲ ಬರೀ ಸಿಹಿ. ಬೇಕಂತಲೇ ಹಾಕಿದ್ದು ಅಂತ ಹೇಳಿದೆ. ಉಳಿದ ಅರ್ಧವನ್ನ ಚಹಾದ ಜೊತೆ ತಿಂದರು. ಆಮೇಲೆ ಮಾತಾಡ್ತಾ ಮಾತಾಡ್ತಾ ಡಬ್ಬಿಯನ್ನ ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

ಇಲ್ಲೊಂದು ತಮಾಷೆ. ಉಸ್ಮಾನಿಯಾ ಜೊತೆಗೆ ಏನು ಕುಡೀತೀರಿ ಅಂತ ಮಗಳು ಕೇಳಿದಳು. ಇರಾನಿ ಚಾಯ್ ಅಂದೆ. ಮನೆಯಲ್ಲಿದ್ದ ಹಾಲು, ಚಹಾಪುಡಿಯಲ್ಲಿ ಮಾಡಿಯೂ ಕೊಟ್ಟೆ. ಮೂವರೂ ಲೋಟದೊಳಗೆ ಇಣುಕಿ ನೋಡಿದರು. ಇಂಥ ಚಹಾವನ್ನ ಇರಾನಿನಲ್ಲಿ ಅವರು ಜನ್ಮದಲ್ಲಿ ಕುಡಿದಿಲ್ಲ! ಅಲ್ಲಿ ಹಾಲು ಹಾಕೋದೇ ಇಲ್ಲ. ಕೆಂಪಗಿನ ಚಹಾ, ಸಕ್ಕರೆ ಅಚ್ಚನ್ನ ಹಲ್ಲಲ್ಲಿ ಕಚ್ಚಿಕೊಂಡು ಗುಟುಕರಿಸೋದು. ಇರಾನಿನಿಂದ ಮುಂಬೈ, ಪುಣೆ, ಹೈದರಾಬಾದಿಗೆ ವಲಸೆ ಬಂದವರು ಹೋಟೆಲ್ ಹಾಕಿದ್ದರಿಂದ ಆ ಹೆಸರು ಉಳಿದದ್ದು. ಚಹಾಕ್ಕೆ ಹಾಲು ಸೇರಿದ್ದು ನಮ್ಮ ಕಡೆ ಬಂದ ಮೇಲೆ. ಅಜ್ಜಿ ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟರು. ಬಿಸ್ಕತ್ತು ಮಾತ್ರ ಬಿಡಲಿಲ್ಲ.

ಕೇಳೋರಿಗಾಗಿ ಅಳತೆ ಹೇಳ್ತೀನಿ. ಉಸ್ಮಾನಿಯಾಗೆ ಮೈದಾ 250 ಗ್ರಾಂ, ಬೆಣ್ಣೆ 150 ಗ್ರಾಂ, ಸಕ್ಕರೆ ಪುಡಿ 100 ಗ್ರಾಂ, ಕಸ್ಟರ್ಡ್ ಪುಡಿ ಮತ್ತು ಹಾಲಿನ ಪುಡಿ ಎರಡೆರಡು ದೊಡ್ಡ ಚಮಚ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಮುಕ್ಕಾಲು ಟೀ ಚಮಚ ಉಪ್ಪು, ಏಲಕ್ಕಿ, ಹಾಲಲ್ಲಿ ನೆನೆಸಿದ ಕೇಸರಿ. ಇಲ್ಲಿ ಬೆಣ್ಣೆ 454 ಗ್ರಾಂ ಗಟ್ಟಿಯಲ್ಲಿ ಬರುತ್ತೆ, ಉಪ್ಪು ಹಾಕಿದ್ದು, ಹಾಕದ್ದು ಎರಡೂ ಸಿಗುತ್ತೆ. ಉಪ್ಪು ಹಾಕದ್ದನ್ನೇ ತಗೊಳ್ಳಿ, ಲೆಕ್ಕ ನಮ್ಮ ಕೈಯಲ್ಲಿರಲಿ. ಬೆಣ್ಣೆ ಸಕ್ಕರೆ ಬೆಳ್ಳಗಾಗೋವರೆಗೂ ನಾದಿ, ಉಳಿದದ್ದು ಸೇರಿಸಿ, ಹಿಟ್ಟು ಒಂದಾದರೆ ಸಾಕು, ಚಪಾತಿ ಹಿಟ್ಟಿನ ಹಾಗೆ ಮಿದಿಯೋಕೆ ಹೋಗಬೇಡಿ. ಅರ್ಧ ಗಂಟೆ ಫ್ರಿಜ್ಜಲ್ಲಿಡಿ. ಲಟ್ಟಿಸಿ, ಲೋಟದ ಬಾಯಿಂದ ದುಂಡಗೆ ಕತ್ತರಿಸಿ, ಮೇಲೆ ಕೇಸರಿ ಹಾಲು ಸವರಿ. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ. ಅಂಚು ಕೆಂಪಾದ ಕೂಡಲೇ ತೆಗೀರಿ.

ಕೆನಡಾದಲ್ಲಿರೋರಿಗೆ ಒಂದು ಮಾತು. ಇಲ್ಲಿನ ಆಲ್ ಪರ್ಪಸ್ ಹಿಟ್ಟು ನಮ್ಮ ಮೈದಾ ಥರ ಅಲ್ಲ, ಪ್ರೋಟೀನ್ ಜಾಸ್ತಿ. ಬ್ರೆಡ್ಡಿಗೆ ಸರಿ, ಬಿಸ್ಕತ್ತು ಗಟ್ಟಿಯಾಗುತ್ತೆ. ಕೇಕ್ ಅಂಡ್ ಪೇಸ್ಟ್ರಿ ಹಿಟ್ಟು ಅಂತ ಬೇರೆ ಚೀಲ ಇರುತ್ತೆ, ಅದನ್ನ ತನ್ನಿ. ಇದನ್ನ ಯಾರೂ ಮೊದಲೇ ಹೇಳಲ್ಲ, ಎಲ್ಲರೂ ಓವನ್ನನ್ನೇ ಬೈಕೊಂಡು ಕೂತಿರ್ತಾರೆ. ಖಾರ ಬಿಸ್ಕತ್ತಿಗೂ ಅದೇ ಹಿಟ್ಟು. ಸಕ್ಕರೆ ಎರಡು ಚಮಚಕ್ಕೆ ಇಳಿಸಿ, ಹಸಿಮೆಣಸಿನಕಾಯಿ, ಕರಿಬೇವು, ಜೀರಿಗೆ, ಕಲಸೋಕೆ ಸ್ವಲ್ಪ ಮೊಸರು. ಸಕ್ಕರೆ ಪೂರ್ತಿ ಬಿಟ್ಟರೆ ಅದು ಖಾರ ಬಿಸ್ಕತ್ತೇ ಅಲ್ಲ, ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ.

ಈಗ ನಮ್ಮವ್ವನೂ ರಾಜಿಯಾಗಿದ್ದಾರೆ, ಆದರೆ ಉಸ್ಮಾನಿಯಾಗೆ ಅಲ್ಲ. "ಅದು ಇಲ್ಲೇ ಸಿಗ್ತದ, ಆ ಪುಟಾಣಿ ಬಿಸ್ಕೀಟ್ ಹೆಂಗ ಮಾಡೋದು ಹೇಳು" ಅಂತ ಬೆನ್ನು ಬಿದ್ದಿದ್ದಾರೆ. ಬೇಕರಿಯವನನ್ನೂ ಕೇಳಿ ನೋಡಿದರಂತೆ. ಮೈದಾ ಇಲ್ಲದ ಹಿಟ್ಟನ್ನ ಭಟ್ಟಿಗೆ ಹಾಕಲ್ಲ ಅಂದುಬಿಟ್ಟನಂತೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ, ಓವನ್ ಇಲ್ಲದವರಿಗೆ ಉಪಯೋಗಕ್ಕೆ ಬರುತ್ತೆ. ಪುಟಾಣಿಯನ್ನ ಮಿಕ್ಸಿಗೆ ಹಾಕಿ, ಸಣ್ಣ ಜರಡಿಯಲ್ಲಿ ಎರಡು ಸಲ ಜರಡಿ ಹಿಡೀರಿ. ತರಿ ಉಳಿದರೆ ಬಾಯಲ್ಲಿ ಕರಗಲ್ಲ. 250 ಗ್ರಾಂ ಹಿಟ್ಟಿಗೆ 125 ಗ್ರಾಂ ಸಕ್ಕರೆ ಪುಡಿ, ಏಲಕ್ಕಿ, ಮತ್ತೆ ಗಟ್ಟಿ ತುಪ್ಪ ಸುಮಾರು 140 ಗ್ರಾಂ, ಹಿಟ್ಟು ಕೂಡಿಕೊಳ್ಳುವಷ್ಟು. ಚೆನ್ನಾಗಿ ಮಿದ್ದು, ಬೆರಳು ದಪ್ಪಕ್ಕೆ ತಟ್ಟಿ, ಸಣ್ಣ ಸಣ್ಣದಾಗಿ ಕತ್ತರಿಸಿ. ನಾನು ಇದಕ್ಕೂ ಒಂದು ಚಿಟಿಕೆ ಉಪ್ಪು ಹಾಕ್ತೀನಿ, ಪಕ್ಕದ ಮನೆಯ ಅಜ್ಜಿಗೆ ಹೇಳಿಲ್ಲ. ಕುಕ್ಕರಿನ ತಳಕ್ಕೆ ದಪ್ಪಗೆ ಕಲ್ಲುಪ್ಪು ಹರಡಿ, ಒಂದು ಸ್ಟ್ಯಾಂಡ್ ಇಟ್ಟು, ರಬ್ಬರು, ವಿಷಲ್ ಎರಡೂ ತೆಗೆದು ಮುಚ್ಚಿ, ಹತ್ತು ನಿಮಿಷ ಕಾಯಿಸಿ. ಆಮೇಲೆ ತಟ್ಟೆ ಒಳಗಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಮೇಲೆ ಬಣ್ಣ ಬರಬಾರದು, ತಳ ಮಾತ್ರ ತುಸು ಕೆಂಪಾಗಬೇಕು. ಇಳಿಸಿದ ಮೇಲೆ ಪೂರ್ತಿ ಆರೋವರೆಗೂ ಮುಟ್ಟಬೇಡಿ, ಬಿಸಿಯಲ್ಲಿ ಎತ್ತಿದರೆ ಕೈಯಲ್ಲೇ ಪುಡಿ. ಮಕ್ಕಳಿದ್ದರೆ ತಟ್ಟೆಯನ್ನ ಮೇಲಿನ ಶೆಲ್ಫಲ್ಲಿ ಇಡೋದು ಒಳ್ಳೇದು.